ನ್ಯಾರೋಬೋಟ್: ಕಾಲುವೆಯ ಸರಕು ದೋಣಿಗಳ ಜೀರ್ಣೋದ್ಧಾರ

ಇಂಗ್ಲೆಂಡಿನ ಒಳನಾಡಿನ ಕಾಲುವೆಗಳಲ್ಲಿ ಸುಮಾರು ಇನ್ನೂರು ವರ್ಷ ಸರಕು ಹೊತ್ತ ಉದ್ದನೆಯ, ಬಲು ಕಿರಿದಾದ ದೋಣಿಗೆ ನ್ಯಾರೋಬೋಟ್ ಎಂದು ಹೆಸರು. ನಮ್ಮ ಕಡೆ ಕಾಲುವೆ ತೋಡಿದ್ದು ಗದ್ದೆಗೆ ನೀರುಣಿಸಲು, ಅಲ್ಲಿ ತೋಡಿದ್ದು ಕಲ್ಲಿದ್ದಲು ಸಾಗಿಸಲು. ಬ್ರಿಜ್‌ವಾಟರ್‌ನ ಡ್ಯೂಕ್ ವರ್ಸ್ಲಿಯ ತನ್ನ ಗಣಿಗಳಿಂದ ಮ್ಯಾಂಚೆಸ್ಟರಿನತ್ತ ಕಲ್ಲಿದ್ದಲು ತರಲೆಂದು ಮಾಡಿಸಿದ ಕಾಲುವೆ 1761ರಲ್ಲಿ ಸಂಚಾರಕ್ಕೆ ತೆರೆಯಿತು. ಅದರಲ್ಲಿ ದುಡಿದ ಜೇಮ್ಸ್ ಬ್ರಿಂಡ್ಲಿಯೇ ಮುಂದೆ ಟ್ರೆಂಟ್ ಮತ್ತು ಮರ್ಸಿ ನದಿಗಳನ್ನು ಜೋಡಿಸುವ ಕಾಲುವೆಯನ್ನು ರೂಪಿಸಿದ. ಅವನು ತೀರಿಕೊಂಡ ಮೇಲೆ, 1777ರಲ್ಲಿ, ಅದು ಪೂರ್ಣಗೊಂಡಿತು. ಆ ದಾರಿಯಲ್ಲಿ ಹೇರ್‌ಕ್ಯಾಸಲ್ ಗುಡ್ಡದ ಅಡಿ ಎರಡೂವರೆ ಕಿಲೋಮೀಟರಿಗೂ ಉದ್ದದ ಸುರಂಗ ಕೊರೆಯಬೇಕಿತ್ತು. ಏರುತಗ್ಗು ದಾಟಲು ಸಾಲು ಸಾಲು ಲಾಕ್‌ಗಳನ್ನು, ಅಂದರೆ ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಬಾಗಿಲುಳ್ಳ ತೊಟ್ಟಿಗಳನ್ನು, ಕಟ್ಟಬೇಕಿತ್ತು. ಹಣವನ್ನೂ ನೀರನ್ನೂ ಉಳಿಸಲು ಲಾಕ್‌ನ ಅಗಲವನ್ನು ಸುಮಾರು 7 ಅಡಿಗೆ, ಉದ್ದವನ್ನು ಸುಮಾರು 72 ಅಡಿಗೆ ಇಳಿಸಲಾಯಿತು. ದೋಣಿಯ ಆಕಾರವನ್ನು ನಿರ್ಧರಿಸಿದ್ದು ಈ ಅಳತೆಯೇ. ಒಂದು ಕುದುರೆ ದಂಡೆಯ ಮೇಲೆ ನಡೆಯುತ್ತ 25 ಟನ್‌ನಷ್ಟು ಸರಕನ್ನು ಎಳೆದೊಯ್ಯುತ್ತಿತ್ತು. ಗಾಡಿಗೆ ಹೂಡಿದ ಕುದುರೆಗೆ ಅಂದಿನ ಕೆಸರು ರಸ್ತೆಯಲ್ಲಿ ಅದರ ಒಂದು ಅಂಶವೂ ಸಾಧ್ಯವಿರಲಿಲ್ಲ.

ರೈಲು ಬಂದ ಮೇಲೆ ಸರಕು ಸಾಗಣೆಯ ದರ ಕುಸಿಯಿತು. ದಡದ ಮನೆಯ ಬಾಡಿಗೆ, ಆಳಿನ ಕೂಲಿ ಎರಡನ್ನೂ ಉಳಿಸಲು ದೋಣಿಗಾರರು ಹೆಂಡತಿ ಮಕ್ಕಳನ್ನು ದೋಣಿಗೇ ಕರೆತಂದರು. ಹಿಂಬದಿಯ ಸುಮಾರು 10 ಅಡಿ ಉದ್ದದ ಕೋಣೆಯಲ್ಲಿ ಒಲೆ, ಮಡಚುವ ಮಂಚ, ಕಪಾಟು, ಗೋಡೆಗೆ ಗುಲಾಬಿ ಮತ್ತು ಕೋಟೆಗಳ ಚಿತ್ರ. ಇಷ್ಟರಲ್ಲೇ ಇಡೀ ಸಂಸಾರ ನಡೆಯಿತು. ಆ ಇಕ್ಕಟ್ಟನ್ನು ನಿಯಂತ್ರಿಸಲು ಪಾರ್ಲಿಮೆಂಟು 1877 ಮತ್ತು 1884ರಲ್ಲಿ ಕಾಯಿದೆಗಳನ್ನು ತರಬೇಕಾಯಿತು. 1889ರಲ್ಲಿ ರೂಪುಗೊಂಡ ಫೆಲೋಸ್ ಮಾರ್ಟನ್ ಆ್ಯಂಡ್ ಕ್ಲೇಟನ್ ಕಂಪನಿ ಉಗಿ ದೋಣಿಗಳನ್ನು ಓಡಿಸಿತು. 1912ರಿಂದ ಸ್ವೀಡನ್ನಿನ ಬೊಲಿಂಡರ್ ಎಂಜಿನ್‌ಗಳನ್ನು ಅಳವಡಿಸಿತು. ಮೋಟಾರು ದೋಣಿಯೊಂದು ಎಂಜಿನ್ ಇಲ್ಲದ ಜೊತೆದೋಣಿಯನ್ನು, ಅಂದರೆ ಬಟಿಯನ್ನು, ಎಳೆದುಕೊಂಡು ಹೋಗುವ ಜೋಡಿ ಪದ್ಧತಿ ಬೆಳೆಯಿತು. 1930ರ ದಶಕದಲ್ಲಿ ಗ್ರ್ಯಾಂಡ್ ಯೂನಿಯನ್ ಕೆನಾಲ್ ಕ್ಯಾರಿಯಿಂಗ್ ಕಂಪನಿ ವುಲಿಚ್‌ನ ಹಾರ್ಲ್ಯಾಂಡ್ ಆ್ಯಂಡ್ ವುಲ್ಫ್, ನಾರ್ತ್‌ವಿಚ್‌ನ ಯಾರ್ವುಡ್ಸ್, ರಿಕ್ಮನ್ಸ್‌ವರ್ತ್‌ನ ವಾಕರ್ಸ್ ಎಂಬ ದೋಣಿ ಕಟ್ಟುವ ಕಟ್ಟೆಗಳಲ್ಲಿ ದೊಡ್ಡ ದೋಣಿಪಡೆಯನ್ನೇ ಕಟ್ಟಿಸಿತು. 1948ರ ಜನವರಿ 1ರಂದು ಕಾಲುವೆಗಳು ರಾಷ್ಟ್ರೀಕರಣಗೊಂಡವು. 1962–63ರ ಭೀಕರ ಚಳಿಗಾಲದಲ್ಲಿ ನೀರು ವಾರಗಟ್ಟಲೆ ಹೆಪ್ಪುಗಟ್ಟಿತು, ಗಿರಾಕಿಗಳು ಲಾರಿಗೆ ತಿರುಗಿದರು, 1963ರಲ್ಲಿ ಸರ್ಕಾರಿ ದೋಣಿಪಡೆ ಬಹುಮಟ್ಟಿಗೆ ಕೆಲಸ ನಿಲ್ಲಿಸಿತು. ಆ್ಯಥರ್‌ಸ್ಟನ್‌ನಿಂದ ಲಂಡನ್ ಬಳಿಯ ಸೌತಾಲ್‌ನ ಜಾಮ್ ಕಾರ್ಖಾನೆಗೆ ಕಲ್ಲಿದ್ದಲು ಒಯ್ಯುತ್ತಿದ್ದ ಕೊನೆಯ ದೂರದ ಗುತ್ತಿಗೆ ಮುಗಿದದ್ದು 1970ರ ಅಕ್ಟೋಬರಿನಲ್ಲಿ.

ಆ ವೇಳೆಗೆ ಸಾವಿರಾರು ದೋಣಿಗಳು ಅಳಿದಿದ್ದವು. ಬೇಡವಾದ ಮರದ ದೋಣಿಗಳನ್ನು ಹೇರ್‌ಫೀಲ್ಡ್‌ನಂಥ ಕಡೆ ಹಳೆಯ ಜಲ್ಲಿಗುಂಡಿಗಳಲ್ಲಿ ಬೇಕೆಂದೇ ಮುಳುಗಿಸಲಾಗಿತ್ತು. ಉಳಿದವು ಹೆಚ್ಚಾಗಿ ಉಳಿದದ್ದು ಯಾವ ಸಂರಕ್ಷಣಾ ಯೋಜನೆಯಿಂದಲೂ ಅಲ್ಲ. ಯಾರೋ ಅವನ್ನು ಮನೆ ಮಾಡಿಕೊಂಡಿದ್ದರಿಂದ. ಲೇಖಕ ಎಲ್.ಟಿ.ಸಿ. ರೋಲ್ಟ್ 1939ರಲ್ಲಿ ಬ್ಯಾನ್‌ಬರಿಯ ಟೂಲಿ ಕಟ್ಟೆಯಲ್ಲಿ ‘ಕ್ರೆಸಿ’ ಎಂಬ ಹಳೆಯ ದೋಣಿಯನ್ನು ಸಜ್ಜುಗೊಳಿಸಿ ಅದರಲ್ಲೇ ಬಾಳಿದ. ಆ ಬಾಳಿನಿಂದ ಹುಟ್ಟಿದ ಅವನ ಪುಸ್ತಕ 1944ರಲ್ಲಿ ಹೊರಬಂದಿತು. ಅವನು ಲೇಖಕ ರಾಬರ್ಟ್ ಐಕ್‌ಮನ್ ಜೊತೆ ಸೇರಿ 1946ರಲ್ಲಿ ಕಟ್ಟಿದ ಇನ್‌ಲ್ಯಾಂಡ್ ವಾಟರ್‌ವೇಸ್ ಅಸೋಸಿಯೇಷನ್ ಹಲವು ಕಾಲುವೆಗಳು ಮುಚ್ಚದಂತೆ ತಡೆಯಿತು. ಕ್ರೆಸಿ ಮಾತ್ರ ಉಳಿಯಲಿಲ್ಲ. ಹಳೆಯ ದೋಣಿಗಳ ಒಡೆಯರು 1966ರಲ್ಲಿ ತಮ್ಮದೇ ಕ್ಲಬ್ ಕಟ್ಟಿಕೊಂಡರು. 1976ರಲ್ಲಿ ಎಲ್ಸ್‌ಮೀರ್ ಪೋರ್ಟ್‌ನಲ್ಲಿ ದೋಣಿ ಸಂಗ್ರಹಾಲಯ ತೆರೆಯಿತು. ಡಡ್ಲಿಯ ಬ್ಲ್ಯಾಕ್ ಕಂಟ್ರಿ ಸಂಗ್ರಹಾಲಯ ತನ್ನ ಆವರಣದಲ್ಲೇ ದೋಣಿ ಕಟ್ಟುವ ಕಟ್ಟೆಯೊಂದನ್ನು ಇಟ್ಟುಕೊಂಡಿತು. ಈ ಅರ್ಧ ಶತಮಾನದ ಅನುಭವ ನಮ್ಮ ಮುಂದಿದೆ. ಅದನ್ನು ಕೂಲಂಕಷವಾಗಿ ನೋಡಿದರೆ ಒಂದು ತೀರ್ಮಾನಕ್ಕೆ ಬರದೆ ಗತಿಯಿಲ್ಲ: ದುಡಿಯುವ ದೋಣಿಯನ್ನು ಉಳಿಸುವ ದಾರಿ ಅದನ್ನು ದುಡಿಯಬಲ್ಲ ಸ್ಥಿತಿಯಲ್ಲಿ ಇಡುವುದು, ಅದಕ್ಕೆ ಬೇಕಾದ ಕೈಕಸುಬನ್ನು ಅದರ ಮೇಲೆಯೇ ಮುಂದುವರಿಸುವುದು. ಹಳೆಯ ಮರವನ್ನೋ ಕಬ್ಬಿಣವನ್ನೋ ಇದ್ದಂತೆ ಕಾಪಿಡುವುದು ಎರಡನೆಯ ಮಾತು.

ಈ ತೀರ್ಮಾನಕ್ಕೆ ಮೊದಲ ಸಾಕ್ಷಿ ಮರವೇ. ಮರದ ನ್ಯಾರೋಬೋಟ್‌ನ ಪಕ್ಕಗಳು ಓಕ್ ಹಲಗೆ, ತಳ ಎಲ್ಮ್. ಎಲ್ಮ್‌ನ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಅದು ಸುಲಭವಾಗಿ ಸೀಳದು. ಸದಾ ನೀರಿನಲ್ಲಿದ್ದರೆ ಕೊಳೆಯದು. ಅದಕ್ಕೇ ದಪ್ಪ ಎಲ್ಮ್ ಹಲಗೆಗಳನ್ನು ಅಡ್ಡಡ್ಡಲಾಗಿ ತಳಕ್ಕೆ ಜೋಡಿಸುತ್ತಿದ್ದರು. ಸಂದುಗಳಿಗೆ ನಾರು ತುರುಕಿ ರಾಳ ತುಂಬುತ್ತಿದ್ದರು. ಹಲಗೆಯ ಮೈಗೆ ಡಾಂಬರು, ಕುದುರೆ ಲದ್ದಿ, ಕೂದಲು ಕಲಸಿ ಕುದಿಸಿದ ‘ಚಾಲಿಕೊ’ ಎಂಬ ಲೇಪವನ್ನು ಬಿಸಿಯಾಗಿ ಬಳಿಯುತ್ತಿದ್ದರು. ಇಂಥ ದೋಣಿಗೆ ಕಾಲುವೆಯ ನೀರು ಶತ್ರುವಲ್ಲ, ಮೇಲಿಂದ ಸುರಿಯುವ ಮಳೆ ಶತ್ರು. ಸರಕು ತುಂಬಿದ ದೋಣಿ ಆಳಕ್ಕೆ ಕುಳಿತು ಅದರ ಪಕ್ಕದ ಹಲಗೆಗಳು ನೆನೆದಿರುತ್ತವೆ. ಖಾಲಿ ದೋಣಿ ಎತ್ತರಕ್ಕೆ ತೇಲುತ್ತದೆ, ಮೇಲಿನ ಹಲಗೆಗಳು ಒಣಗಿ ಬಿರಿಯುತ್ತವೆ, ಬಿರುಕಿನಲ್ಲಿ ಮಳೆನೀರು ನಿಂತು ಕೊಳೆತ ಶುರುವಾಗುತ್ತದೆ. ದಡಕ್ಕೆ ಎಳೆದು ಚಾವಣಿಯ ಕೆಳಗಿಟ್ಟರೆ? ಆಗಲೂ ಹಲಗೆ ಕುಗ್ಗಿ ಸಂದುಗಳು ತೆರೆಯುತ್ತವೆ. ಉದ್ದನೆಯ ಒಡಲಿಗೆ ನೀರಿನ ಆಸರೆ ತಪ್ಪಿದಾಗ ಅದು ತನ್ನ ಭಾರಕ್ಕೇ ಬಾಗುತ್ತದೆ. ನೂರಾರು ಊರುಗಂಬಗಳನ್ನು ಕೊಟ್ಟರೂ ನೀರು ಸುತ್ತಲಿಂದ ಸಮನಾಗಿ ಕೊಡುವ ಒತ್ತಾಸೆಗೆ ಅವು ಸಮವಾಗವು. ಎಲ್ಸ್‌ಮೀರ್ ಪೋರ್ಟ್‌ನ ಸಂಗ್ರಹದ ಹಲವು ಮರದ ದೋಣಿಗಳು ಹಣವಿಲ್ಲದೆ, ಕೈಗಳಿಲ್ಲದೆ, ಕಟ್ಟಿದಲ್ಲೇ ಶಿಥಿಲವಾದದ್ದು ಯಾರ ಉದಾಸೀನದಿಂದಲೂ ಅಲ್ಲ. ಕೆಲಸವಿಲ್ಲದೆ ನಿಂತ ಮರದ ದೋಣಿಯ ಸಹಜ ಗತಿ ಅದು.

ಕಬ್ಬಿಣದ ದೋಣಿಗಳ ಕಷ್ಟ ಬೇರೆ ಬಗೆಯದು. ಹಳೆಯ ಮೆದುಕಬ್ಬಿಣದಲ್ಲಿ ಕಿಟ್ಟದ ಎಳೆಗಳು ಇರುವುದರಿಂದ ತುಕ್ಕು ನಿಧಾನ. ನೂರು ವರ್ಷ ದಾಟಿದ ತಗಡುಗಳು ಇನ್ನೂ ಗಟ್ಟಿಯಾಗಿರುವುದುಂಟು. ಆದರೆ ಅಂಥ ಮೆದುಕಬ್ಬಿಣ ತಯಾರಿಸುವ ಕೆಲಸವೇ ಬ್ರಿಟನ್ನಿನಲ್ಲಿ 1970ರ ದಶಕದಲ್ಲಿ ವಾಣಿಜ್ಯವಾಗಿ ನಿಂತುಹೋಯಿತು. ಎಲ್ಮ್ ಕಥೆಯೂ ಇದೇ: ಅದೇ ದಶಕದಲ್ಲಿ ಹಬ್ಬಿದ ಡಚ್ ಎಲ್ಮ್ ರೋಗ ಆ ದೇಶದ ದೊಡ್ಡ ಎಲ್ಮ್ ಮರಗಳನ್ನು ಬಹುತೇಕ ಬಲಿ ತೆಗೆದುಕೊಂಡಿತು. ಹಾಗಾಗಿ ಜೀರ್ಣೋದ್ಧಾರ ಮಾಡುವವನು ಬಯಸಿದರೂ ಮೂಲ ವಸ್ತು ಸಿಗದು; ಕಬ್ಬಿಣದ ಪಕ್ಕಕ್ಕೆ ಉಕ್ಕಿನ ತೇಪೆ, ಎಲ್ಮ್ ತಳದ ಜಾಗಕ್ಕೆ ಉಕ್ಕಿನ ತಳ ಬರುತ್ತದೆ. ಇಲ್ಲಿ ವಿಮೆಯವರ ಒತ್ತಡವೂ ಸೇರುತ್ತದೆ. ಶಬ್ದತರಂಗದ ಮಾಪಕದಿಂದ ತಗಡಿನ ದಪ್ಪ ಅಳೆದು 4 ಮಿಲಿಮೀಟರಿಗಿಂತ ಕಡಿಮೆ ಕಂಡರೆ ಸಾಮಾನ್ಯವಾಗಿ ಅವರು ಒಪ್ಪುವುದಿಲ್ಲ. ಆಗ ಅಗ್ಗದ ಉಪಾಯವೆಂದರೆ ಹಳೆಯ ತಗಡಿನ ಮೇಲೆಯೇ ಹೊಸದನ್ನು ವೆಲ್ಡ್ ಮಾಡುವುದು. ಇದು ರಿವೆಟ್‌ಗಳ ಸಾಲನ್ನು ಮುಚ್ಚುತ್ತದೆ, ದೋಣಿಯ ತೂಕ ಹೆಚ್ಚಿಸುತ್ತದೆ, ಎರಡು ಪದರಗಳ ನಡುವೆ ತೇವ ಹಿಡಿದಿಟ್ಟು ಒಳಗಿನದನ್ನು ಕಣ್ಣಿಗೆ ಕಾಣದಂತೆ ತಿನ್ನುತ್ತದೆ. ಮೂಲವನ್ನು ಮುಟ್ಟದೆ ಉಳಿಸಿದಂತೆ ತೋರುವ ಈ ಉಪಾಯಕ್ಕಿಂತ, ಕೆಟ್ಟ ತಗಡನ್ನು ಕತ್ತರಿಸಿ ತೆಗೆದು, ಅದೇ ಬಾಗಿನ ಹೊಸ ತಗಡನ್ನು ಕಾಯಿಸಿದ ರಿವೆಟ್ಟಿನಿಂದ ಕೂರಿಸುವುದು ದೋಣಿಗೆ ಹೆಚ್ಚು ನಿಷ್ಠವಾದ ಕೆಲಸ.

ಇಲ್ಲಿ ಮೊದಲ ಆಕ್ಷೇಪ ಎದುರಾಗುತ್ತದೆ. ಹಲಗೆಯೊಂದೊಂದನ್ನೂ ಬದಲಿಸುತ್ತ ಹೋದರೆ ಕೊನೆಗೆ ಉಳಿಯುವುದು ಹಳೆಯ ದೋಣಿಯೇ, ಅದರ ನಕಲೇ? ಕಟ್ಟಡಗಳ ಸಂರಕ್ಷಣೆಗೆ ದಾರಿ ತೋರಿದ 1964ರ ವೆನಿಸ್ ಸನ್ನದು ಮೂಲ ದ್ರವ್ಯಕ್ಕೆ ಕೊಟ್ಟ ಗೌರವವನ್ನು ಹಿಡಿದು ನೋಡಿದರೆ ಈ ಪ್ರಶ್ನೆ ಹಗುರವಲ್ಲ. ಶ್ರಾಪ್‌ಶೈರ್ ಯೂನಿಯನ್ ಕಂಪನಿಯ ‘ಸ್ಯಾಟರ್ನ್’ ದೋಣಿಯನ್ನೇ ತೆಗೆದುಕೊಳ್ಳಬಹುದು. 1906ರಲ್ಲಿ ಕಟ್ಟಿದ, ಹಗಲಿರುಳು ಕುದುರೆ ಬದಲಿಸುತ್ತ ವೇಗವಾಗಿ ಸಾಗುತ್ತಿದ್ದ, ಚೀಸ್‌ನಂಥ ಬೇಗ ಕೆಡುವ ಸರಕು ಒಯ್ಯುತ್ತಿದ್ದ ಬಗೆಯ ದೋಣಿ ಅದು. ಸ್ವಯಂಸೇವಕರ ಸಂಘವೊಂದು ಅದನ್ನು ಉಳಿಸಿದಾಗ ಒಡಲಿನ ಬಹುಭಾಗ ಹೊಸ ಮರವಾಯಿತು. ಆದರೆ ಆ ದೋಣಿ ದುಡಿಯುತ್ತಿದ್ದ ಕಾಲದಲ್ಲಿ ಆಗುತ್ತಿದ್ದುದೂ ಇದೇ. ಕೆಲವು ವರ್ಷಕ್ಕೊಮ್ಮೆ ಕಟ್ಟೆಗೆ ಬಂದು ಹಲಗೆ ಬದಲಿಸಿಕೊಳ್ಳದ ಮರದ ದೋಣಿ ಹೆಚ್ಚು ಕಾಲ ಬಾಳಿದ್ದೇ ಇಲ್ಲ. ಬದಲಾವಣೆ ಅದರ ಚರಿತ್ರೆಯ ಭಾಗ, ಅದಕ್ಕೆ ಬಂದ ಭಂಗವಲ್ಲ. ನಮ್ಮ ದೇವಸ್ಥಾನದ ತೇರಿನ ಗಾಲಿ, ಅಚ್ಚುಮರ ಸವೆದಾಗ ಬದಲಿಸುತ್ತಾರೆ, ತೇರು ಬೇರೆಯಾಯಿತೆಂದು ಯಾರೂ ಹೇಳುವುದಿಲ್ಲ. 1994ರಲ್ಲಿ ಜಪಾನಿನ ನಾರಾದಲ್ಲಿ ರೂಪುಗೊಂಡ ದಾಖಲೆ ಇದನ್ನೇ ಶಾಸ್ತ್ರವಾಗಿ ಒಪ್ಪಿತು: ದ್ರವ್ಯದ ಜೊತೆಗೆ ಆಕಾರ, ಬಳಕೆ, ಸಂಪ್ರದಾಯ, ಕಟ್ಟುವ ವಿಧಾನ ಇವೂ ವಸ್ತುವೊಂದರ ನೈಜತೆಗೆ ಸಾಕ್ಷಿ. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಯುರೋಪಿನ ನೌಕಾಪ್ರೇಮಿಗಳು ಒಪ್ಪಿಕೊಂಡ ಬಾರ್ಸಿಲೋನಾ ಸನ್ನದು ಚಲಿಸುತ್ತಿರುವ ಸಾಂಪ್ರದಾಯಿಕ ಹಡಗುಗಳಿಗೆಂದೇ ಬರೆದದ್ದು.

ಹಾಗಾದರೆ ಹಳೆಯದನ್ನು ಸುಟ್ಟು ಹೊಸದನ್ನೇ ಕಟ್ಟಬಾರದೇಕೆ ಎಂದು ಕೇಳಬಹುದು. ಹಳೆಯ ಒಡಲಿನಲ್ಲಿ ಯಾವ ನಕ್ಷೆಯಲ್ಲೂ ಇಲ್ಲದ ತಿಳಿವಳಿಕೆ ಅಡಗಿದೆ ಎಂಬುದೇ ಉತ್ತರ. ಮರದ ದೋಣಿಗಳನ್ನು ಕಟ್ಟಿದವರು ಬಹುಪಾಲು ಕಣ್ಣಳತೆಯಲ್ಲಿ, ಅಚ್ಚುಪಟ್ಟಿಗಳನ್ನು ಹಿಡಿದು ಕಟ್ಟಿದವರು. ಮೂತಿಯ ಹಲಗೆ ಎಷ್ಟು ತಿರುಚಬೇಕು, ಮೊಳೆ ಯಾವ ಅಂತರದಲ್ಲಿರಬೇಕು ಎಂಬುದನ್ನು ಕೊಳೆತ ಹಲಗೆ ಇನ್ನೂ ಹೇಳುತ್ತದೆ. ಅದಕ್ಕೇ ಕೆಲಸಕ್ಕೆ ಕೈ ಹಾಕುವ ಮುನ್ನ ಅಳೆದು, ಚಿತ್ರಿಸಿ, ಫೋಟೋ ತೆಗೆದು ದಾಖಲಿಸಬೇಕು. ಒಮ್ಮೆಗೆ ಒಂದೆರಡು ಹಲಗೆ ಮಾತ್ರ ಬಿಚ್ಚಿ, ಉಳಿದ ಒಡಲು ತನ್ನ ಆಕಾರ ಹಿಡಿದುಕೊಂಡಿರುವಾಗಲೇ ಹೊಸದನ್ನು ಕೂರಿಸಬೇಕು. ಓಕ್ ಹಲಗೆಯನ್ನು ಅಂಗುಲ ದಪ್ಪಕ್ಕೆ ಸುಮಾರು ಒಂದು ಗಂಟೆಯಂತೆ ಹಬೆಪೆಟ್ಟಿಗೆಯಲ್ಲಿ ಬೇಯಿಸಿ, ಹೊರತೆಗೆದ ಕೆಲವೇ ನಿಮಿಷಗಳಲ್ಲಿ ಬಾಗಿಸಿ ಬಿಗಿಯಬೇಕು. ತಡವಾದರೆ ಮರ ಬಿರುಸಾಗಿ ಸೀಳುತ್ತದೆ. ಇದನ್ನು ಪುಸ್ತಕದಿಂದ ಕಲಿಯಲಾಗದು. ಆದರೂ ಈ ವಾದಕ್ಕೆ ಮಿತಿಯುಂಟು, ಅದನ್ನು ಒಪ್ಪಲೇಬೇಕು. ಒಂದು ಬಗೆಯ ದೋಣಿಯಲ್ಲಿ ಕೊನೆಯದಾಗಿ ಉಳಿದು, ಹೆಚ್ಚು ಬದಲಾಗದೆ ಬಂದ ಒಡಲಿದ್ದರೆ ಅದನ್ನು ಮುಟ್ಟದೆ ಸಾಕ್ಷಿಯಾಗಿ ಇಡುವುದೇ ಸರಿ. ತಮ್ಮ ದೋಣಿಗೆ ತಾವೇ ಒಡೆಯರಾಗಿದ್ದ ಕುದುರೆ ದೋಣಿಗಾರರಲ್ಲಿ ಕೊನೆಯವರ ‘ಫ್ರೆಂಡ್‌ಶಿಪ್’ ಎಲ್ಸ್‌ಮೀರ್ ಪೋರ್ಟ್‌ನ ಸಂಗ್ರಹಾಲಯಕ್ಕೆ ಸೇರಿದೆ; ಅಂಥದ್ದಕ್ಕೆ ಹೊಸ ಕೆಲಸ ಕೊಡಬೇಕೆಂದು ಯಾರೂ ಹಟ ಹಿಡಿಯಬೇಕಾಗಿಲ್ಲ.

ಯಾವ ವರ್ಷದ ರೂಪಕ್ಕೆ ಮರಳಿಸುವುದು ಎಂಬುದು ಇದಕ್ಕಿಂತ ತೊಡಕಿನ ಪ್ರಶ್ನೆ. ಉಗಿ ದೋಣಿ ‘ಪ್ರೆಸಿಡೆಂಟ್’ 1909ರಲ್ಲಿ ಬರ್ಮಿಂಗ್‌ಹ್ಯಾಮಿನ ಸಾಲ್ಟ್ಲಿಯಲ್ಲಿ ಹುಟ್ಟಿತು. 1925ರಲ್ಲಿ ಅದರ ಉಗಿಯಂತ್ರವನ್ನು ಕಿತ್ತು ಬೊಲಿಂಡರ್ ಹಾಕಲಾಯಿತು, ಏಕೆಂದರೆ ಬಾಯ್ಲರ್, ಕಲ್ಲಿದ್ದಲು, ಹೆಚ್ಚಿನ ಆಳುಗಳು ಸರಕಿನ ಜಾಗವನ್ನೂ ಲಾಭವನ್ನೂ ತಿನ್ನುತ್ತಿದ್ದವು. 1970ರ ದಶಕದಲ್ಲಿ ಬರೀ ಒಡಲಾಗಿದ್ದ ಅದನ್ನು ಉಳಿಸಿದವರು ಮತ್ತೆ ಉಗಿಯಂತ್ರ ಕೂರಿಸಿದರು; ಇಂದು ಅದು ಬ್ಲ್ಯಾಕ್ ಕಂಟ್ರಿ ಸಂಗ್ರಹಾಲಯದ ಒಡೆತನದಲ್ಲಿ ಸಂಚರಿಸುತ್ತಿದೆ. ಲೆಕ್ಕ ಹಾಕಿದರೆ ಅದು ದುಡಿಮೆಯಲ್ಲಿ ಉಗಿಗಿಂತ ಮೋಟಾರಿನ ಜೊತೆಗೇ ಹೆಚ್ಚು ವರ್ಷ ಕಳೆದಿತ್ತು. ಆದರೆ ಬೊಲಿಂಡರ್ ದೋಣಿಗಳು ಬೇರೆ ಉಳಿದಿವೆ, ಹಳೆಯ ಸರಕಿನ ಉಗಿ ದೋಣಿ ಓಡುವುದನ್ನು ತೋರಿಸುವಂಥದ್ದು ಅಪರೂಪ. ಆ ಕಾರಣಕ್ಕೆ ಆ ಆಯ್ಕೆ ಸಮರ್ಥನೀಯ. ಬಣ್ಣದ ವಿಷಯದಲ್ಲಿ ಇಂಥ ಸಮರ್ಥನೆ ಅಪರೂಪ. ಒಂದೇ ದೋಣಿ ಫೆಲೋಸ್ ಮಾರ್ಟನ್‌ನ ಕೆಂಪು, ಹಳದಿ, ಹಸಿರನ್ನೂ 1948ರ ನಂತರದ ಸರ್ಕಾರಿ ನೀಲಿ, ಹಳದಿಯನ್ನೂ ತೊಟ್ಟಿರಬಹುದು. ಹೊಸ ಒಡೆಯರು ಸಾಮಾನ್ಯವಾಗಿ ಹಳೆಯ ಕಂಪನಿಯ ಚೆಂದದ ಬಣ್ಣವನ್ನೇ ಆರಿಸಿ, ಸರ್ಕಾರಿ ಕಾಲವನ್ನು ಕೆರೆದು ಎಸೆಯುತ್ತಾರೆ. ಹೀಗೆ ಕೆರೆಯುವಾಗ ಬ್ರಾನ್‌ಸ್ಟನ್‌ನ ಫ್ರ್ಯಾಂಕ್ ನರ್ಸರ್‌ನಂಥ ಕಲಾವಿದರ ಕುಂಚದ ಪದರಗಳೂ ಹೋಗುತ್ತವೆ. ಪದರಗಳನ್ನು ದಾಖಲಿಸದೆ ಕೆರೆಯುವುದು ಅನಾಹುತ. ಕೋಣೆಯ ಹಳೆಯ ಚಿತ್ರಿತ ಬಾಗಿಲನ್ನು ತೆಗೆದಿಟ್ಟು ದಿನಬಳಕೆಗೆ ಹೊಸದನ್ನು ಮಾಡಿಸುವುದು ವಿವೇಕ.

ಬಳಸಿದರೆ ಸವೆಯುತ್ತದೆ ಎಂಬ ಆಕ್ಷೇಪವೂ ಉಂಟು. ನಿಜ, ಲಾಕ್‌ನ ಗೋಡೆಗೆ ತಾಗಿ ಹಲಗೆ ಜಜ್ಜುತ್ತದೆ, ಎಂಜಿನ್ನಿನ ಬಿಡಿಭಾಗಗಳು ಮುಗಿಯುತ್ತವೆ. ಆದರೆ ಬಳಸದ ದೋಣಿ ಅದಕ್ಕಿಂತ ಬೇಗ ಹಾಳಾಗುತ್ತದೆಂಬುದನ್ನು ಮೇಲೆ ನೋಡಿದೆವು. ಬಳಕೆಯಿಂದ ಇನ್ನೊಂದು ಲಾಭವಿದೆ, ಅದನ್ನು ಸಂರಕ್ಷಣೆಯ ಚರ್ಚೆಗಳಲ್ಲಿ ಮರೆಯುತ್ತಾರೆ. ತುಂಬಿದ ಸರಕು ದೋಣಿಗೆ ಸುಮಾರು 3 ಅಡಿ ಆಳದ ನೀರು ಬೇಕು. ವಿಹಾರದ ಇಂದಿನ ದೋಣಿಗಳಿಗೆ ಅಷ್ಟು ಬೇಡ. ಆಳದ ದೋಣಿಗಳು ಓಡದಿದ್ದರೆ ಹೂಳು ತುಂಬಿದ್ದೇ ಯಾರಿಗೂ ಗೊತ್ತಾಗುವುದಿಲ್ಲ. ಲ್ಯಾಂಗಾಲೆನ್ ಕಾಲುವೆಯ ಹರ್ಲ್‌ಸ್ಟನ್‌ನಲ್ಲಿ ಲಾಕ್‌ನ ಗೋಡೆಗಳು ವರ್ಷಗಳಿಂದ ಒಳಬಾಗಿ ಹಳೆಯ ಪೂರ್ಣ ಅಗಲದ ದೋಣಿಗಳು ದಾಟದಂತಾಗಿದ್ದವು. ಕೊನೆಗೆ ಗೋಡೆಗಳನ್ನು ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಅಂದರೆ ದೋಣಿ ಓಡಿದರೆ ಕಾಲುವೆಯೂ ತನ್ನ ಅಳತೆಯಲ್ಲಿ ಉಳಿಯುತ್ತದೆ. ಇಂದಿಗೂ ಕೆಲವು ಹಳೆಯ ಜೋಡಿದೋಣಿಗಳು ದಂಡೆಯಲ್ಲಿ ನೆಲೆಸಿದ ದೋಣಿವಾಸಿಗಳಿಗೆ ಕಲ್ಲಿದ್ದಲು, ಡೀಸೆಲ್, ಅನಿಲ ಮಾರುತ್ತ ಸಾಗುತ್ತವೆ. ಆ್ಯಶ್‌ಟನ್‌ನ ಮರದ ದೋಣಿ ಸಂಘ ತನ್ನ ದೋಣಿಗಳಲ್ಲಿ ಜನರು ಕೊಟ್ಟ ಹಳೆಯ ಸಾಮಾನು ಸಂಗ್ರಹಿಸಿ, ಮಾರಿ, ಆ ಹಣದಲ್ಲಿ ದೋಣಿ ರಿಪೇರಿ ಮಾಡುತ್ತದೆ. 1914ರ ‘ಹೇಜಲ್’ ದೋಣಿಯನ್ನು ಅದು ದಣಿದ ಮನಸ್ಸಿನವರಿಗೆ ನೀರಿನ ಮೇಲೆ ವಿಶ್ರಾಂತಿ ಕೊಡುವ ಕೆಲಸಕ್ಕೆ ಹಚ್ಚಿದೆ. ಸರಕು ಬೇರೆಯಾಯಿತು, ದುಡಿಮೆ ನಿಲ್ಲಲಿಲ್ಲ.

ಮನೆಯಾಗಿ ಬದಲಾದ ದೋಣಿಗಳ ಬಗ್ಗೆ ಶುದ್ಧವಾದಿಗಳು ಕಟುವಾಗಿ ಮಾತನಾಡುತ್ತಾರೆ. ಆ ಕಟುತನದಲ್ಲಿ ಅರ್ಧ ನ್ಯಾಯವಿದೆ. ಸರಕಿನ ಅಂಗಳದ ಮೇಲೆ ಕೋಣೆ ಕಟ್ಟುವುದು ಬಿಚ್ಚಿ ತೆಗೆಯಬಹುದಾದ ಬದಲಾವಣೆ. ಅದರ ಬಾಡಿಗೆಯಿಂದಲೋ ವಾಸದಿಂದಲೋ ಒಡಲಿಗೆ ಒಬ್ಬ ಕಾವಲುಗಾರ ಸಿಕ್ಕಂತೆ. ಆದರೆ ಉತ್ತರದ ಚಿಕ್ಕ ಲಾಕ್‌ಗಳಲ್ಲಿ ಹಿಡಿಸಲೆಂದು 70 ಅಡಿಯ ದೋಣಿಯ ನಡುವನ್ನು ಕತ್ತರಿಸಿ 57 ಅಡಿಗೆ ಇಳಿಸುವುದು, ಬಟಿಯ ಹಿಂಬದಿಯನ್ನು ಸೀಳಿ ಎಂಜಿನ್ ಕೂರಿಸುವುದು ಮರಳಿಸಲಾಗದ ಗಾಯ. ಇಂಥ ಗಾಯ ತಡೆಯಲು ಕಾನೂನಿನ ಬಲವಿಲ್ಲ ಎಂಬುದು ಇಡೀ ವ್ಯವಸ್ಥೆಯ ದೊಡ್ಡ ಕೊರತೆ. ಕಾಲುವೆಯ ಸೇತುವೆ, ಲಾಕ್, ಗೋದಾಮುಗಳು ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿದರೆ ಕಾನೂನಿನ ರಕ್ಷಣೆ ಪಡೆಯುತ್ತವೆ. ಅವುಗಳ ನಡುವೆ ಸಾಗಿದ ದೋಣಿ 50 ವರ್ಷ ದಾಟಿ, 33 ಅಡಿಗಿಂತ ಉದ್ದವಿದ್ದು, ರಾಷ್ಟ್ರೀಯ ಐತಿಹಾಸಿಕ ನೌಕೆಗಳ ದಾಖಲೆಪುಸ್ತಕಕ್ಕೆ ಸೇರಿದರೂ ಅದರಿಂದ ಗೌರವವಷ್ಟೇ ಸಿಗುತ್ತದೆ. ಒಡೆಯ ಅದನ್ನು ಗುಜರಿಗೆ ಹಾಕಬಹುದು. ಒಂದೇ ಅಚ್ಚಿನ ಹತ್ತಾರು ವುಲಿಚ್ ದೋಣಿಗಳಿರುವಾಗ ಎಲ್ಲವನ್ನೂ ಉಳಿಸಲಾಗದು ಎಂದು ಹಣದ ಲೆಕ್ಕ ಹಿಡಿದವರು ಹೇಳುವುದನ್ನು ತಳ್ಳಿಹಾಕುವಂತಿಲ್ಲ. ಆದರೆ ಒಂದೇ ಕಟ್ಟೆಯಲ್ಲಿ ಹುಟ್ಟಿದ ಅವಳಿ ದೋಣಿಗಳೂ ಬೇರೆ ಬೇರೆ ಬಾಳು ಬಾಳಿವೆ. ಆಯ್ಕೆ ಮಾಡಲೇಬೇಕೆಂದಾದರೆ, ಯಾವುದನ್ನು ಬಿಡುತ್ತೇವೋ ಅದನ್ನು ಒಡೆಯುವ ಮುನ್ನ ಬಿಚ್ಚಿ ಅಳೆದು ದಾಖಲಿಸುವ ಹೊಣೆಯಾದರೂ ಕಡ್ಡಾಯವಾಗಬೇಕು.

ಇವೆಲ್ಲಕ್ಕಿಂತ ತುರ್ತಿನದು ಕೈಗಳ ಪ್ರಶ್ನೆ. ಬ್ರಾನ್‌ಸ್ಟನ್‌ನಲ್ಲಿ 1958ರಲ್ಲಿ ಕಟ್ಟಿದ ‘ರೇಮಂಡ್’ ಇಂಗ್ಲೆಂಡಿನ ಕಾಲುವೆಗಳಲ್ಲಿ ದುಡಿಮೆಗೆಂದು ಕಟ್ಟಿದ ಕೊನೆಯ ಮರದ ನ್ಯಾರೋಬೋಟ್‌ಗಳ ಸಾಲಿಗೆ ಸೇರಿದ್ದು. ಸೌತಾಲ್‌ನ ಜಾಮ್ ಕಾರ್ಖಾನೆಯ ಕಲ್ಲಿದ್ದಲನ್ನೂ ಅದು ಹೊತ್ತಿತ್ತು. ಅದನ್ನು ಕಟ್ಟಿದ ತಲೆಮಾರಿನವರು ಈಗ ಇಲ್ಲ. ಅವರಿಂದ ನೇರವಾಗಿ ಕಲಿತವರು ಬೆರಳೆಣಿಕೆಯಷ್ಟು, ಅವರಿಗೂ ವಯಸ್ಸಾಗಿದೆ. ಅನುದಾನಗಳು ಒಂದು ದೋಣಿಯನ್ನು ಒಂದು ಸಲ ಮಿಂಚಿಸಲು ಬರುತ್ತವೆ. ಮುಂದಿನ ಹದಿನೈದು ವರ್ಷ ಅದನ್ನು ನೋಡಿಕೊಳ್ಳುವ ಕುಶಲಕರ್ಮಿಗಳನ್ನು ತರಬೇತಿಗೊಳಿಸಲು ಬರುವುದು ಅಪರೂಪ. ಈ ಕ್ರಮ ತಲೆಕೆಳಗಾಗಿದೆ. ಮೊದಲು ಕಲಿಯುವವರಿಗೆ ಸಂಬಳ, ಆಮೇಲೆ ಕಟ್ಟೆಗೆ ಚಾವಣಿ, ಕೊನೆಗೆ ಬಣ್ಣ ಎಂಬ ಸಾಲು ಸರಿಯಾದದ್ದು. ಬ್ರಿಟನ್ನಿನಲ್ಲಿ ನೆಲೆಸಿದ, ಅಲ್ಲಿಗೆ ಹೋಗುವ ಕನ್ನಡಿಗರು ಬರ್ಮಿಂಗ್‌ಹ್ಯಾಮಿಗೆ ಹತ್ತಿರದ ಡಡ್ಲಿಗೋ, ಜೂನ್ ತಿಂಗಳಲ್ಲಿ ಹಳೆಯ ದೋಣಿಗಳು ಸೇರುವ ಬ್ರಾನ್‌ಸ್ಟನ್‌ಗೋ, ಅಂಗಡಿ ಸಂಕೀರ್ಣದ ನಡುವೆಯೂ ಉಳಿದಿರುವ ಬ್ಯಾನ್‌ಬರಿಯ ಟೂಲಿ ಕಟ್ಟೆಗೋ ಒಮ್ಮೆ ಹೋಗಿಬನ್ನಿ. ಗುಲಾಬಿಯ ಚಿತ್ರಗಳನ್ನು ನೋಡಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಹಲಗೆ ಬಾಗಿಸುವ ಕೆಲಸ ನಡೆಯುತ್ತಿದೆಯೇ, ಯಾರು ಕಲಿಯುತ್ತಿದ್ದಾರೆ ಎಂದು ಕೇಳಿ, ಕೊಡುವ ಕಾಣಿಕೆಯನ್ನು ಆ ಕೆಲಸಕ್ಕೇ ಕೊಡಿ.